ಕಲ್ಲು ಹಸಿರಾಗಿ ಬೆಳಗಿದರೆ ಹೆದರಬೇಕೇ?

ಈ ಬಾರಿ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಹೆಚ್ಚು ಕಡಿಮೆ ಒಂದೇ ವಿಷಯದ ಸುತ್ತ ಇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಆ ಪತ್ರ ಬರೆದ ತಾಯಿ ನಾಲ್ಕು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಅವರಿಗೆ ಒಂದು ಸಾಲಿನ ಸಮಾಧಾನ ಸಾಲದು.

ಪ್ರಶ್ನೆ: ಮೇಡಂ, ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿ. ರಾತ್ರಿ ಕಬ್ಬಿಗೆ ನೀರು ಕಟ್ಟಲು ಹೋಗುವಾಗ ಚೇಳು ಕಾಣಲಿ ಎಂದು ಯಜಮಾನರು ನೇರಳೆ ಬೆಳಕಿನ ಟಾರ್ಚ್ ತರಿಸಿದ್ದರು. ಎಂಟನೇ ತರಗತಿಯಲ್ಲಿರುವ ಮಗ ಅದನ್ನು ಹಿತ್ತಲಿನ ಕಲ್ಲುರಾಶಿಯ ಮೇಲೆ ಬಿಟ್ಟು ನೋಡಿದಾಗ ಒಂದು ಬಿಳಿ ಕಲ್ಲು ಹಸಿರಾಗಿ ಹೊಳೆಯಿತು. ಹಗಲಿನಲ್ಲಿ ನೋಡಿದರೆ ಕಲ್ಲಿನ ಬಿರುಕಿನಲ್ಲಿ ಗಾಜಿನ ಹನಿ ಚೆಲ್ಲಿ ಒಣಗಿದ ಹಾಗಿದೆ, ಬಣ್ಣವೇನೂ ಇಲ್ಲ. ಮೊಬೈಲಿನಲ್ಲಿ ಹುಡುಕಿ ಇದು ಯುರೇನಿಯಂ ಎಂದು ಹೇಳಿದ. ಮಾರ್ಲಗಲ್ಲದ ಕಡೆ ಪರಮಾಣು ಖನಿಜ ಇಲಾಖೆಯವರು ಬಂದು ಹೋದ ಮೇಲೆ ಊರಿನಲ್ಲೂ ಅದೇ ಮಾತು. ಅವನು ಆ ಕಲ್ಲನ್ನು ಒಂದು ವಾರ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದನೆಂದು ಈಗ ಹೇಳುತ್ತಿದ್ದಾನೆ. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೇ?
— ಓದುಗರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಮೊದಲು ನೆಮ್ಮದಿಯಾಗಿ ಮಲಗಿ ತಾಯಿ. ಆಸ್ಪತ್ರೆಗೆ ಹೋಗಬೇಕಾಗಿಲ್ಲ.

ನೀವು ಕಲ್ಲನ್ನು ಎಷ್ಟು ಚೆನ್ನಾಗಿ ವರ್ಣಿಸಿದ್ದೀರಿ ಎಂದರೆ ನನಗೆ ಅರ್ಧ ಕೆಲಸ ಉಳಿಯಿತು. ಬಿಳಿ ಕಲ್ಲಿನ ಬಿರುಕಿನಲ್ಲಿ ಬಣ್ಣವಿಲ್ಲದ ಗಾಜಿನಂಥ ಪದರ, ಟಾರ್ಚ್ ಬಿಟ್ಟರೆ ಕಣ್ಣು ಕೋರೈಸುವ ಹಸಿರು. ಇವು ಹಯಲೈಟ್ ಎಂಬ ಓಪಲ್ ಜಾತಿಯ ಕಲ್ಲಿನ ಲಕ್ಷಣಗಳು. ಹಯಲೈಟ್ ಎಂದರೆ ನೀರು ಸೇರಿದ ಸಿಲಿಕ, ಗಾಜು ಮಾಡುವ ಮರಳಿನ ಹತ್ತಿರದ ನೆಂಟ. ಗ್ರಾನೈಟ್ ಮತ್ತು ಅದೇ ಜಾತಿಯ ದಪ್ಪ ಹರಳುಗಳ ಪೆಗ್ಮಟೈಟ್ ಕಲ್ಲುಗಳ ಸಂದುಗಳಲ್ಲಿ ಇಂಥ ಪದರ ಕಟ್ಟುವುದು ಸಾಮಾನ್ಯ. ಅದರಲ್ಲಿ ಯುರೇನಿಯಂ ಇದೆಯೇ? ಇದೆ. ಆ ಹಸಿರು ಬರುವುದೇ ಯುರೇನಿಯಂನಿಂದ. ಆದರೆ ಎಷ್ಟು? ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಸಾಕು, ಕಣ್ಣಿಗೆ ಕಾಣುವಷ್ಟು ಬೆಳಗುತ್ತದೆ. ಒಂದು ಕ್ವಿಂಟಾಲ್ ಸಕ್ಕರೆ ಮೂಟೆಗೆ ಒಂದು ಚಿಟಿಕೆ ಉಪ್ಪು ಹಾಕಿ ಕಲಸಿದರೆ ಎಷ್ಟಾಗುತ್ತದೋ ಅಷ್ಟು. ನಿಮ್ಮ ಮನೆಯ ಬಾಗಿಲ ಮೆಟ್ಟಿಲು ಗ್ರಾನೈಟಿನದ್ದಾಗಿದ್ದರೆ ಅದರಲ್ಲೂ ಹತ್ತು ಲಕ್ಷದಲ್ಲಿ ಕೆಲವು ಪಾಲು ಯುರೇನಿಯಂ ಇರುತ್ತದೆ. ಅದು ಬೆಳಗುವುದಿಲ್ಲ, ಹಾಗಾಗಿ ಯಾರೂ ಅದರ ಬಗ್ಗೆ ಪತ್ರ ಬರೆಯುವುದಿಲ್ಲ.

ಯುರೇನಿಯಂ ತುಂಬಿದ ಹೊಳೆಯುವ ಖನಿಜ ಇದಲ್ಲ ಎಂದು ಹಗಲಿನಲ್ಲೇ ತಿಳಿಯಬಹುದು. ಅಂಥವುಗಳಲ್ಲಿ ಹೆಚ್ಚು ಹೆಸರಾದದ್ದು ಆಟುನೈಟ್. ಫ್ರಾನ್ಸಿನ ಆಟುನ್ ಎಂಬ ಊರಿನ ಹೆಸರು ಅದಕ್ಕೆ. ಹಗಲಿನಲ್ಲಿ ಅದು ನಿಂಬೆಹಣ್ಣಿನ ಹಳದಿ. ಚೌಕಾಕಾರದ ತೆಳ್ಳನೆಯ ಹಾಳೆಗಳಾಗಿ, ಕಾಗೆಬಂಗಾರದ ಹಾಗೆ ಪದರ ಪದರವಾಗಿ ಇರುತ್ತದೆ. ತುಂಬ ಮೆದು, ಉಗುರಿಗೇ ಕೆರೆದು ಬರಬಹುದು. ಹಯಲೈಟ್ ಬಣ್ಣವಿಲ್ಲದ್ದು, ಗಟ್ಟಿ, ಉಗುರಿಗೆ ಜಗ್ಗುವುದಿಲ್ಲ. ನಿಮ್ಮ ಮಗನ ಕಲ್ಲಿಗೆ ಹಗಲಿನಲ್ಲಿ ಬಣ್ಣವೇನೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಇಷ್ಟಾದರೂ ಮನಸ್ಸಿಗೆ ಒಪ್ಪದಿದ್ದರೆ ಮುಂದಿನ ಸಲ ಮೈಸೂರಿಗೆ ಬಂದಾಗ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ತೋರಿಸಿ. ಕಲ್ಲನ್ನು ದಿಂಬಿನ ಕೆಳಗಿನಿಂದ ತೆಗೆದು ಒಂದು ಡಬ್ಬಿಯಲ್ಲಿಡಿ. ಭಯಕ್ಕಾಗಿ ಹೇಳುತ್ತಿಲ್ಲ. ಕಲ್ಲು ಸಂಗ್ರಹಿಸುವವರು ಮೊದಲ ದಿನದಿಂದಲೇ ಕಲಿಯಬೇಕಾದ ಶಿಸ್ತು ಅದು. ದಯವಿಟ್ಟು ಎಸೆಯಬೇಡಿ. ಹುಡುಗನ ಕಣ್ಣು ಚುರುಕಾಗಿದೆ.

ಈಗ ಆ ಹುಡುಗನಿಗಾಗಿ ಸ್ವಲ್ಪ ಹೆಚ್ಚು ಹೇಳುತ್ತೇನೆ.

1979ರಲ್ಲಿ ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ನಮ್ಮ ಮೇಷ್ಟ್ರು ಒಂದು ಮಧ್ಯಾಹ್ನ ಖನಿಜಗಳ ಕೋಣೆಯ ಕಿಟಕಿಗಳಿಗೆ ಕರಿಯ ಬಟ್ಟೆ ಕಟ್ಟಿಸಿದರು. ಮೇಜಿನ ಮೇಲೆ ಎರಡು ಮಾದರಿಗಳು. ಒಂದು ಅವಲಕ್ಕಿಯನ್ನು ಅಂಟಿಸಿ ನಿಲ್ಲಿಸಿದಂತಿದ್ದ ಹಳದಿ ಹಾಳೆಗಳ ಗೊಂಚಲು, ಕಡಲೆಬೀಜದಷ್ಟು. ಇನ್ನೊಂದು ಟಾರಿನ ಉಂಡೆಯಂಥ ಕರಿಯ ಕಲ್ಲು, ಗಾತ್ರಕ್ಕೆ ಮೀರಿದ ಭಾರ. ನಿಮ್ಮ ಟಾರ್ಚಿನಂಥದ್ದೇ ನೇರಳಾತೀತ ದೀಪದ ಸ್ವಿಚ್ ಹಾಕಿದಾಗ ಮೊದಲು ಕಂಡದ್ದು ಅಟೆಂಡರ್ ಅವರ ಅಂಗಿ. ಬಟ್ಟೆಯ ಸೋಪಿನ ಪುಡಿಯಲ್ಲಿರುವ ಹೊಳಪುಕಾರಕದಿಂದ ಅದು ನೀಲಿಯಾಗಿ ಮಿನುಗುತ್ತಿತ್ತು. ಆಮೇಲೆ ಆ ಹಳದಿ ಗೊಂಚಲು. ನಾನು ಮಂಡ್ಯದ ಕಡೆಯವಳು. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಭತ್ತದ ಸಸಿಮಡಿ ಯಾವ ಹಸಿರಿಗೆ ತಿರುಗುತ್ತದೋ ಆ ಹಸಿರು. ಒಂದೊಂದು ಹಾಳೆಯ ಅಂಚೂ ಬೇರೆ ಬೇರೆಯಾಗಿ ಉರಿಯುತ್ತಿತ್ತು. ಪಕ್ಕದ ಕರಿಯ ಕಲ್ಲು ಕತ್ತಲಲ್ಲಿ ಕತ್ತಲಾಗಿಯೇ ಇತ್ತು.

"ಯಾವುದರಲ್ಲಿ ಯುರೇನಿಯಂ ಹೆಚ್ಚು?" ಎಂದು ಮೇಷ್ಟ್ರು ಕೇಳಿದರು. ಹನ್ನೊಂದು ಜನರೂ ಹಸಿರಿನ ಕಡೆ ಕೈ ತೋರಿಸಿದೆವು. ಅವರು ವಿಕಿರಣ ಅಳೆಯುವ ಗೈಗರ್ ಕೌಂಟರನ್ನು ಕರಿಯ ಕಲ್ಲಿನ ಬಳಿ ತಂದರು. ಟಿಕ್ ಟಿಕ್ ಶಬ್ದಗಳು ಒಂದಕ್ಕೊಂದು ಕೂಡಿಕೊಂಡು ಬಾಣಲೆಯಲ್ಲಿ ಸಾಸಿವೆ ಸಿಡಿದಂತಾಯಿತು. ಅದು ಪಿಚ್‌ಬ್ಲೆಂಡ್, ಅಂದರೆ ಯುರನಿನೈಟ್ ಖನಿಜದ ಗಟ್ಟಿ. ಶುದ್ಧವಾಗಿದ್ದರೆ ಅದರ ತೂಕದಲ್ಲಿ ಶೇಕಡಾ 88ರವರೆಗೆ ಯುರೇನಿಯಂ. ಆಟುನೈಟ್‌ನಲ್ಲಿ ಸುಮಾರು 48. ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಮೂವತ್ತೊಂದು ವರ್ಷ ಪಾಠ ಮಾಡುವಾಗಲೂ ಬಿಡದೆ ಮಾಡಿದೆ. ಕೌಂಟರನ್ನು ಆಟುನೈಟ್ ಪಕ್ಕ ಇಟ್ಟು ದೀಪ ಆರಿಸಿದರು. ಹಸಿರು ಥಟ್ಟನೆ ಹೋಯಿತು. ಟಿಕ್ ಟಿಕ್ ಹೋಗಲಿಲ್ಲ, ನಿಧಾನವೂ ಆಗಲಿಲ್ಲ. ದೀಪ ಹಾಕಿದರೂ ಅದೇ, ಆರಿಸಿದರೂ ಅದೇ.

ಇಷ್ಟನ್ನು ನಿಮ್ಮ ಮಗ ಹಿಡಿದುಕೊಂಡರೆ ಸಾಕು. ಹೊಳಪು ಒಂದು ಸಂಗತಿ, ವಿಕಿರಣ ಇನ್ನೊಂದು ಸಂಗತಿ. ವಿಕಿರಣ ಬರುವುದು ಪರಮಾಣುವಿನ ಬೀಜದಿಂದ, ನಾವು ಏನೇ ಮಾಡಿದರೂ ಅದು ತನ್ನ ಪಾಡಿಗೆ ನಡೆಯುತ್ತದೆ. ಹೊಳಪು ಬರುವುದು ಹೊರಗಿನ ಎಲೆಕ್ಟ್ರಾನುಗಳಿಂದ, ಅದಕ್ಕೆ ನೇರಳಾತೀತ ಬೆಳಕಿನ ಊಟ ಬೇಕು. ಊಟ ನಿಂತರೆ ಹೊಳಪೂ ನಿಂತಿತು. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು.

ಚಾಮುಂಡಿ ಬೆಟ್ಟ ಹತ್ತಿದವರಿಗೆ ಇದನ್ನು ವಿವರಿಸುವುದು ಸುಲಭ. ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು, ಕೆಳಗಿನಿಂದ ಸುಮಾರು ಏಳುನೂರನೆಯ ಮೆಟ್ಟಿಲಿನ ಹತ್ತಿರ ದೊಡ್ಡ ನಂದಿ. ನೇರಳಾತೀತ ಬೆಳಕು ಎಲೆಕ್ಟ್ರಾನನ್ನು ಒಂದೇ ಏಟಿಗೆ ತುದಿಗೆ ಎತ್ತಿ ಕೂರಿಸುತ್ತದೆ. ಅದು ತುದಿಯಿಂದ ನಂದಿಯವರೆಗೆ ಮುನ್ನೂರು ಮೆಟ್ಟಿಲನ್ನು ಸದ್ದಿಲ್ಲದೆ ಒಂದೊಂದಾಗಿ ಇಳಿಯುತ್ತದೆ. ಆ ಶಕ್ತಿ ಶಾಖವಾಗಿ ಕಲ್ಲಿನಲ್ಲೇ ಸೇರಿಹೋಗುತ್ತದೆ. ನಂದಿಯ ಬಳಿ ಸ್ವಲ್ಪ ತಂಗುತ್ತದೆ. ಅಲ್ಲಿಂದ ಪಾದಕ್ಕೆ ಒಂದೇ ಜಿಗಿತ. ಆ ಜಿಗಿತವೇ ನಮಗೆ ಕಾಣುವ ಬೆಳಕು. ಸಾವಿರ ಮೆಟ್ಟಿಲಿನ ಶಕ್ತಿ ಪಡೆದು ಏಳುನೂರರಷ್ಟನ್ನು ಹಿಂದಿರುಗಿಸಿದ್ದರಿಂದ ಬೆಳಕಿನ ಬಣ್ಣ ಬದಲಾಗುತ್ತದೆ. ಇದನ್ನು ಮಾತಿನ ಚಂದಕ್ಕೆ ಹೇಳುತ್ತಿಲ್ಲ. ಒಳ್ಳೆಯ ನೇರಳಾತೀತ ಟಾರ್ಚಿನ ತರಂಗಾಂತರ 365 ನ್ಯಾನೋಮೀಟರ್, ಯುರೇನಿಯಂ ಹಸಿರಿನದ್ದು ಸುಮಾರು 520. ತರಂಗಾಂತರ ಹೆಚ್ಚಿದಷ್ಟೂ ಬೆಳಕಿನ ಶಕ್ತಿ ಕಡಿಮೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿ, ಲೆಕ್ಕ ಸರಿಯಾಗಿ ನಂದಿಯ ಹತ್ತಿರವೇ ಬಂದು ನಿಲ್ಲುತ್ತದೆ.

ಹಾಗಾದರೆ ಯುರೇನಿಯಂ ಹೆಚ್ಚಿರುವ ಕರಿಯ ಕಲ್ಲು ಏಕೆ ಬೆಳಗುವುದಿಲ್ಲ? ಬೆಳಗುವುದು ಒಂಟಿ ಯುರೇನಿಯಂ ಅಲ್ಲ. ಎರಡು ಆಮ್ಲಜನಕಗಳನ್ನು ಹೊತ್ತ ಯುರೇನಿಯಂ. ಕಾವಡಿ ಹೊತ್ತವನ ಎರಡು ಕಡೆಯ ಬಿಂದಿಗೆಗಳಂತೆ ಅವು ಒಂದೇ ಸರಳ ರೇಖೆಯಲ್ಲಿ ನಿಂತಿರುತ್ತವೆ. ಇದಕ್ಕೆ ಯುರನೈಲ್ ಎನ್ನುತ್ತಾರೆ. ಬೆಳಕು ಬಿದ್ದಾಗ ಆಮ್ಲಜನಕದ ಕಡೆಯ ಎಲೆಕ್ಟ್ರಾನ್ ಯುರೇನಿಯಂನ ಖಾಲಿ ಜಾಗಕ್ಕೆ ಹೋಗಿ, ತಂಗಿ, ಮರಳುತ್ತದೆ. ಪಿಚ್‌ಬ್ಲೆಂಡ್‌ನಲ್ಲಿರುವ ಯುರೇನಿಯಂ ಬಹುಪಾಲು ಈ ಸ್ಥಿತಿಯದ್ದಲ್ಲ, ಅಲ್ಲಿ ಬಿದ್ದ ಬೆಳಕಿನ ಶಕ್ತಿಯೆಲ್ಲ ಶಾಖವಾಗಿ ಮುಗಿಯುತ್ತದೆ.

ಕರಿಯ ಅದಿರಿಗೆ ಗಾಳಿ ನೀರು ಸೋಕಿದಾಗ ಯುರೇನಿಯಂ ಯುರನೈಲ್ ಆಗಿ ಕರಗಿ ಹರಿಯತೊಡಗುತ್ತದೆ. ಹರಿದು ಹೋದಲ್ಲಿ ಸುಣ್ಣವೂ ಫಾಸ್ಫೇಟೂ ಸಿಕ್ಕರೆ ಆಟುನೈಟ್. ಗಣಿಗಳ ಹಳೆಯ ಗೋಡೆಗಳ ಮೇಲೆ ಕಾರ್ಬೊನೇಟ್ ಸಿಕ್ಕರೆ ಲೀಬಿಗೈಟ್, ಆಂಡರ್ಸನೈಟ್, ಶ್ರೋಕಿಂಗರೈಟ್ ಎಂಬ ಹೊಪ್ಪಳೆಗಳು. ಇವು ಆಟುನೈಟ್‌ನಂತೆಯೇ ಜೋರಾಗಿ, ಒಂದೊಂದು ಹಸಿರು, ಒಂದೊಂದು ನೀಲಿ ಬೆರೆತ ಹಸಿರಾಗಿ ಬೆಳಗುತ್ತವೆ. ಸಿಲಿಕದ ಲೋಳೆಯಲ್ಲಿ ಸಿಕ್ಕಿಕೊಂಡರೆ ನಿಮ್ಮ ಹಿತ್ತಲಿನ ಹಯಲೈಟ್. ಆದರೆ ಅದೇ ಫಾಸ್ಫೇಟ್ ಜೊತೆಗೆ ಸುಣ್ಣದ ಬದಲು ತಾಮ್ರ ಸಿಕ್ಕರೆ ಟಾರ್ಬರ್ನೈಟ್ ಆಗುತ್ತದೆ. ಪಚ್ಚೆಯಂಥ ಹಸಿರು, ನೋಡಲು ಆಟುನೈಟಿಗಿಂತ ಚೆಲುವು. ಟಾರ್ಚ್ ಬಿಟ್ಟರೆ ಮಾತ್ರ ಏನೂ ಇಲ್ಲ. ನಂದಿಯ ಬಳಿ ತಂಗಿದ ಎಲೆಕ್ಟ್ರಾನಿನ ಶಕ್ತಿಯನ್ನು ತಾಮ್ರ ಪಕ್ಕದ ದಾರಿಯಿಂದ ಎಳೆದುಕೊಂಡು ಶಾಖ ಮಾಡಿಬಿಡುತ್ತದೆ. ವೆನೇಡಿಯಂ ಜೊತೆ ಸೇರಿದ ಕಾರ್ನೊಟೈಟ್ ಹಳದಿಯದ್ದೂ ಇದೇ ಕಥೆ.

ಈ ಎರಡು ಸಂಗತಿಗಳನ್ನು ಬೇರೆ ಮಾಡಲು ದೊಡ್ಡವರಿಗೂ ಸಮಯ ಹಿಡಿಯಿತು. 1896ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಹೆನ್ರಿ ಬೆಕೆರಲ್ ಕೈಗೆತ್ತಿಕೊಂಡದ್ದು ಹೊಳೆಯುವ ಯುರೇನಿಯಂ ಲವಣವನ್ನೇ. ಬಿಸಿಲಿಗೆ ಇಟ್ಟರೆ ಅದು ಹೊಳೆಯುತ್ತದೆ, ಹೊಳೆಯುವಾಗ ಎಕ್ಸ್ ಕಿರಣದಂಥದ್ದೇನಾದರೂ ಹೊರಬರಬಹುದು ಎಂಬುದು ಅವರ ಊಹೆ. ಫೆಬ್ರವರಿ ಕೊನೆಯಲ್ಲಿ ಮೋಡ ಕವಿದು ಬಿಸಿಲು ಸರಿಯಾಗಿ ಬರಲಿಲ್ಲ. ಕರಿಯ ಕಾಗದದಲ್ಲಿ ಸುತ್ತಿದ ಛಾಯಾಚಿತ್ರ ಫಲಕದ ಮೇಲೆ ಲವಣವಿಟ್ಟು ಮೇಜಿನ ಖಾನೆಗೆ ಹಾಕಿದರು. ಮಾರ್ಚ್ 1ರಂದು ಫಲಕವನ್ನು ತೊಳೆದರೆ ಮಸುಕಾದ ಗುರುತು ಸಿಗಬಹುದೆಂದುಕೊಂಡಲ್ಲಿ ಗಾಢವಾದ ನೆರಳು ಮೂಡಿತ್ತು. ಬಿಸಿಲು ಬೇಕಾಗಿರಲಿಲ್ಲ, ಹೊಳಪೂ ಬೇಕಾಗಿರಲಿಲ್ಲ. ಮುಂದೆ ಕೆಲವೇ ವಾರಗಳಲ್ಲಿ ಹೊಳೆಯದ ಯುರೇನಿಯಂ ಲವಣಗಳನ್ನೂ, ಮೇ ತಿಂಗಳಲ್ಲಿ ಯುರೇನಿಯಂ ಲೋಹವನ್ನೂ ಇಟ್ಟು ನೋಡಿದರು. ಅವೂ ಫಲಕವನ್ನು ಕಪ್ಪಾಗಿಸಿದವು. ಎರಡು ವರ್ಷದ ಮೇಲೆ ಮೇರಿ ಕ್ಯೂರಿ ಅವರಿಗೆ ರೇಡಿಯಂ ಕಡೆಗೆ ದಾರಿ ತೋರಿಸಿದ ಎರಡು ಖನಿಜಗಳು ಯಾವುವು? ಪಿಚ್‌ಬ್ಲೆಂಡ್ ಮತ್ತು ಆಗ ಚಾಲ್ಕೊಲೈಟ್ ಎನ್ನುತ್ತಿದ್ದ ಟಾರ್ಬರ್ನೈಟ್. ಎರಡೂ ದೀಪಕ್ಕೆ ಮಿಸುಕದಂಥವು.

ಇನ್ನು ನಿಮ್ಮ ಊರಿನ ಮಾತಿಗೆ ಬರುತ್ತೇನೆ. ಮಾರ್ಲಗಲ್ಲ, ಅಲ್ಲಾಪಟ್ಟಣದ ಕಡೆ ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿರುವುದು ಲಿಥಿಯಂ. ಪ್ರಾಥಮಿಕ ಅಂದಾಜು 1,600 ಟನ್ ಎಂದು ಸರ್ಕಾರವೇ ಹೇಳಿದೆ. ಬ್ಯಾಟರಿಗೆ ಬೇಕಾದ ಲೋಹ ಅದು, ಅಲ್ಲಿನ ಪೆಗ್ಮಟೈಟ್ ಕಲ್ಲುಗಳಲ್ಲಿದೆ. ಆ ಸಂಸ್ಥೆಯ ಹೆಸರಿನಲ್ಲಿ ಪರಮಾಣು ಎಂದಿರುವುದರಿಂದ ಜನ ಯುರೇನಿಯಂ ಎಂದುಕೊಂಡರು. ನಮ್ಮ ರಾಜ್ಯದಲ್ಲಿ ಯುರೇನಿಯಂ ನಿಕ್ಷೇಪವೆಂದು ಹೆಸರಾಗಿರುವುದು ಯಾದಗಿರಿ ಜಿಲ್ಲೆಯ ಗೋಗಿ. ಅಲ್ಲಿ ನೆಲದೊಳಗಿರುವುದು ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್, ಎರಡೂ ಕರಿಯವು. ನಿಮ್ಮ ಮಗನ ಟಾರ್ಚ್ ತೆಗೆದುಕೊಂಡು ಹೋಗಿ ಆ ಅದಿರಿನ ಮೇಲೆ ಬಿಟ್ಟರೆ ಏನೂ ಕಾಣುವುದಿಲ್ಲ.

ಟಾರ್ಚಿನ ಬಗ್ಗೆ ಒಂದು ಮಾತು. ಅಗ್ಗದ ಟಾರ್ಚುಗಳು ಬಹುಮಟ್ಟಿಗೆ 395 ನ್ಯಾನೋಮೀಟರಿನವು. ಚೇಳಿಗೆ ಅಷ್ಟು ಸಾಕು. ಆದರೆ ಅವು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೂ ಚೆಲ್ಲುವುದರಿಂದ ಬಿಳಿ ಕಲ್ಲೆಲ್ಲ ನೇರಳೆಯಾಗಿ ಕಂಡು ಮೋಸವಾಗುತ್ತದೆ. ಅದಕ್ಕೂ ನಿಮ್ಮ ಕಲ್ಲು ಹಸಿರಾಗಿ ಕಂಡಿದೆ ಎಂದರೆ ಪದರ ಚೆನ್ನಾಗಿಯೇ ಇದೆ. ಯಾವ ಟಾರ್ಚೇ ಆಗಲಿ, ಯಾರ ಮುಖಕ್ಕೂ ಬಿಡಬಾರದು. 254 ನ್ಯಾನೋಮೀಟರಿನ ದೀಪ ಮಕ್ಕಳ ಕೈಗೆ ಬೇಡವೇ ಬೇಡ, ಕಣ್ಣಿಗೂ ಚರ್ಮಕ್ಕೂ ಸುಟ್ಟ ಗಾಯ ಮಾಡುತ್ತದೆ.

ಪ್ರಶ್ನೆ: ಯುರೇನಿಯಂ ಕತ್ತಲಲ್ಲಿ ತಾನಾಗಿ ಹಸಿರು ಬೆಳಕು ಕೊಡುತ್ತದೆ ಎಂದು ಸಿನಿಮಾಗಳಲ್ಲಿ ತೋರಿಸುತ್ತಾರೆ. ನನ್ನ ಆಟೊಗೆ ಅಂಟಿಸಿರುವ ರೇಡಿಯಂ ಸ್ಟಿಕರ್ ಕೂಡ ಅದೇ ಜಾತಿಯದ್ದೇ?
— ಆಟೊ ಚಾಲಕರು, ಮಂಡ್ಯ

ಉತ್ತರ: ಅಲ್ಲ. ನಿಮ್ಮ ಸ್ಟಿಕರಿನಲ್ಲಿ ರೇಡಿಯಂ ಕಣದಷ್ಟೂ ಇಲ್ಲ. ಹಿಂದಿನ ವಾಹನದ ದೀಪ ಬಿದ್ದಾಗ ಅದನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ, ಅಷ್ಟೇ. ಹೆಸರು ಮಾತ್ರ ಹಳೆಯ ಕಾಲದ ಗಡಿಯಾರಗಳಿಂದ ಉಳಿದುಕೊಂಡು ಬಂದಿದೆ. ಒಂದು ಕಾಲದಲ್ಲಿ ಗಡಿಯಾರದ ಮುಳ್ಳುಗಳಿಗೆ ನಿಜವಾದ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅಲ್ಲಿಯೂ ಬೆಳಗುತ್ತಿದ್ದದ್ದು ರೇಡಿಯಂ ಅಲ್ಲ, ಅದರ ಕಿರಣ ತಾಗಿದ ಸತುವಿನ ಸಲ್ಫೈಡ್. ಯುರೇನಿಯಂ ಖನಿಜವನ್ನು ಕತ್ತಲ ಕೋಣೆಯಲ್ಲಿಟ್ಟರೆ ಬರಿಗಣ್ಣಿಗೆ ಕತ್ತಲೆಯೇ ಕಾಣುತ್ತದೆ.

ಪ್ರಶ್ನೆ: ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಇರಬಹುದು ಎಂದು ಪತ್ರಿಕೆಯಲ್ಲಿ ಓದಿದೆ. ನಮ್ಮದು ಐನೂರು ಅಡಿಯ ಕೊಳವೆಬಾವಿ. ರಾತ್ರಿ ಲೋಟದ ನೀರಿಗೆ ನೇರಳಾತೀತ ಟಾರ್ಚ್ ಬಿಟ್ಟೆ, ಹಸಿರು ಕಾಣಲಿಲ್ಲ. ನೀರು ಕುಡಿಯಬಹುದಲ್ಲವೇ?
— ಓದುಗರು, ಮದ್ದೂರು

ಉತ್ತರ: ಹಸಿರು ಕಾಣಲಿಲ್ಲ ಎಂಬುದರಿಂದ ಏನೂ ತೀರ್ಮಾನಿಸಬೇಡಿ. ಈ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸಿತು.

ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೊಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಮೂವತ್ತು ಪಾಲು. ಇದರ ಹತ್ತರಷ್ಟು ಇದ್ದರೂ ನಿಮ್ಮ ಟಾರ್ಚಿಗೆ ಲೋಟದಲ್ಲಿ ಏನೂ ಕಾಣುವುದಿಲ್ಲ. ಒಂದು ಕಡೆ ಪ್ರಮಾಣ ಅಷ್ಟು ಕಡಿಮೆ. ಇನ್ನೊಂದು ಕಡೆ ನೀರೂ ಅದರಲ್ಲಿ ಕರಗಿರುವ ಬೇರೆ ಲವಣಗಳೂ ಯುರನೈಲ್‌ನ ಶಕ್ತಿಯನ್ನು, ಮೇಲೆ ಹೇಳಿದ ತಾಮ್ರದ ಹಾಗೆ, ಕಸಿದುಕೊಳ್ಳುತ್ತವೆ.

ಆದರೂ ಪ್ರಯೋಗಾಲಯಗಳಲ್ಲಿ ಯುರೇನಿಯಂ ಅಳೆಯುವುದು ಇದೇ ಹೊಳಪಿನಿಂದ ಎಂಬುದು ನಿಮಗೆ ಖುಷಿ ಕೊಡಬಹುದು. ನೀರಿನ ಮಾದರಿಗೆ ಫಾಸ್ಫೇಟ್ ಜಾತಿಯ ಒಂದು ದ್ರಾವಣ ಸೇರಿಸುತ್ತಾರೆ. ಅದು ಯುರನೈಲ್ ಸುತ್ತ ಬೇಲಿ ಕಟ್ಟಿದಂತೆ ನಿಂತು ಶಕ್ತಿ ಸೋರದಂತೆ ನೋಡಿಕೊಳ್ಳುತ್ತದೆ. ಆಮೇಲೆ ನೇರಳಾತೀತ ಬೆಳಕನ್ನು ಕ್ಷಣದ ಸಣ್ಣ ತುಣುಕಿನಷ್ಟು ಹೊತ್ತು ಬಿಟ್ಟು ನಿಲ್ಲಿಸುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಎಲೆ, ಬೇರು ಕೊಳೆತು ಬಂದ ಸಾವಯವ ವಸ್ತುಗಳೂ ಹೊಳೆಯುತ್ತವೆ, ಆದರೆ ಅವುಗಳ ಹೊಳಪು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಪಾಲಿನೊಳಗೆ ಸತ್ತುಹೋಗುತ್ತದೆ. ಯುರನೈಲ್ ನಂದಿಯ ಬಳಿ ಹೆಚ್ಚು ಹೊತ್ತು ತಂಗುವ ಜಾತಿ, ಅದರ ಬೆಳಕು ಮೈಕ್ರೊಸೆಕೆಂಡುಗಳ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಪಾಲುಗಳ ಲೆಕ್ಕದಲ್ಲಿ ಉಳಿಯುತ್ತದೆ. ಉಪಕರಣ ಒಂದಿಷ್ಟು ಕಾದು, ಗಡಿಬಿಡಿಯವರೆಲ್ಲ ಹೋದ ಮೇಲೆ ಉಳಿದವರನ್ನು ಎಣಿಸುತ್ತದೆ. ಈ ಉಪಾಯವನ್ನು ಕಂಡುಕೊಂಡವರ ಬಗ್ಗೆ ನನಗೆ ಇಂದಿಗೂ ಗೌರವ.

ಆದ್ದರಿಂದ ಮಾನ್ಯತೆ ಪಡೆದ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕೊಡಿ, ಯುರೇನಿಯಂ ಪರೀಕ್ಷೆ ಬೇಕೆಂದು ಬಾಯಿಬಿಟ್ಟು ಕೇಳಿ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. ಹೆಚ್ಚು ಬಂದರೆ ಕುದಿಸಿ ಪ್ರಯೋಜನವಿಲ್ಲ, ನೀರು ಆವಿಯಾಗಿ ಯುರೇನಿಯಂ ಉಳಿಯುತ್ತದೆ. ಆರ್.ಒ. ಯಂತ್ರ ಅದನ್ನು ಚೆನ್ನಾಗಿ ತೆಗೆಯುತ್ತದೆ. ನೀರಿನ ಯುರೇನಿಯಂ ವಿಷಯದಲ್ಲಿ ಮೊದಲ ಚಿಂತೆ ವಿಕಿರಣವಲ್ಲ, ಸೀಸದಂಥ ಭಾರ ಲೋಹವಾಗಿ ಅದು ಮೂತ್ರಪಿಂಡಕ್ಕೆ ಮಾಡುವ ಹಾನಿ. ಲೋಟದ ನೀರು ಟಾರ್ಚಿಗೆ ನೀಲಿಯಾಗಿ ಕಂಡರೆ ಲೋಟ ತೊಳೆದ ಸೋಪನ್ನು ಸಂಶಯಿಸಿ.

ಪ್ರಶ್ನೆ: ಮೈಸೂರಿನ ಅಗ್ರಹಾರದ ನಮ್ಮ ಹಳೆಯ ಮನೆಯಲ್ಲಿ ಅಜ್ಜಿಯ ಕಾಲದ ಹಳದಿ ಹಸಿರು ಗಾಜಿನ ಬಟ್ಟಲಿದೆ. ಟಾರ್ಚಿಗೆ ಉರಿದಂತೆ ಹಸಿರಾಗುತ್ತದೆ. ಮನೆಯಲ್ಲಿಡಬಹುದೇ? ಹಾಗೆಯೇ ಆಟುನೈಟ್ ಕಲ್ಲನ್ನು ಕೊಂಡು ಇದರ ಪಕ್ಕ ಇಡುವ ಆಸೆಯಿದೆ.
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಬಟ್ಟಲನ್ನು ಧಾರಾಳವಾಗಿ ಇಡಿ. ಯುರೋಪಿನ ಬೊಹೀಮಿಯದ ರೀಡೆಲ್ ಮನೆತನದವರು 1830ರ ದಶಕದಲ್ಲಿ ಯುರೇನಿಯಂ ಬೆರೆಸಿದ ಹಳದಿ, ಹಸಿರು ಗಾಜುಗಳನ್ನು ಮಾಡಿ ಜನಪ್ರಿಯಗೊಳಿಸಿದರು. ಸಾಮಾನ್ಯವಾಗಿ ಅದರಲ್ಲಿ ಯುರೇನಿಯಂ ಶೇಕಡಾ ಎರಡರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ, ಅದೂ ಗಾಜಿನೊಳಗೆ ಬಂದಿಯಾಗಿ ಇರುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಸ್ಟೋಕ್ಸ್ 1852ರಲ್ಲಿ ಹೀರಿದ ಬೆಳಕಿಗಿಂತ ಹೊರಬರುವ ಬೆಳಕಿನ ತರಂಗಾಂತರ ಹೆಚ್ಚು ಎಂಬ ನಿಯಮವನ್ನು ಬಿಡಿಸಿ ಹೇಳಿದಾಗ ಅವರ ಮೇಜಿನ ಮೇಲೆ ಇಂಥ ಗಾಜೂ ಇತ್ತು. ನಿಮ್ಮ ಬಟ್ಟಲಿನಲ್ಲಿ ಉಪ್ಪಿನಕಾಯಿ, ಹುಣಸೆರಸ ಮಾತ್ರ ಇಡಬೇಡಿ, ಹುಳಿ ಗಾಜಿನಿಂದ ಅಲ್ಪಸ್ವಲ್ಪ ಎಳೆಯುತ್ತದೆ. ಮ್ಯಾಂಗನೀಸ್ ಬೆರೆತ ಗಾಜೂ ಹಸಿರಾಗುವುದುಂಟು, ಆದರೆ ಮಂಕಾಗಿ.

ಆಟುನೈಟ್ ಬೇಡ. ಯುರೇನಿಯಂ ನಮ್ಮ ದೇಶದಲ್ಲಿ ಪರಮಾಣು ಶಕ್ತಿ ಕಾನೂನಿನ ಹಿಡಿತದಲ್ಲಿರುವ ವಸ್ತು, ಷೋಕೇಸಿಗೆ ಕೊಂಡು ತರುವಂಥದ್ದಲ್ಲ. ಅದರ ಗುಣವೂ ಮನೆಗೆ ಹೊಂದುವುದಿಲ್ಲ. ಆಟುನೈಟ್ ಹಾಳೆಗಳ ನಡುವೆ ನೀರಿರುತ್ತದೆ. ಒಣ ಗಾಳಿಗೆ ಆ ನೀರು ಹೋಗಿ ಅದು ಮೆಟಾ ಆಟುನೈಟ್ ಆಗುತ್ತದೆ, ಬಿರಿದು ಪುಡಿಯಾಗುತ್ತದೆ. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಇಂಥ ಮಾದರಿಯನ್ನು ಮುಚ್ಚಳವಿಲ್ಲದ ಕಾಗದದ ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಮರೆತಿದ್ದರು. ಒಂದು ಏಪ್ರಿಲ್ ತಿಂಗಳು ಬೀರು ತೆರೆದಾಗ ಪೆಟ್ಟಿಗೆಯ ತಳದಲ್ಲಿ ಅರಿಶಿನದಂಥ ಹಳದಿ ಪುಡಿ. ಧೂಳೆಂದುಕೊಂಡು ಬಾಯಿಂದ ಊದಿದೆ. ಚೀಟಿ ಓದಿದ್ದು ಆಮೇಲೆ. ಯುರೇನಿಯಂ ಸೂಸುವ ಆಲ್ಫಾ ಕಣಗಳು ಚರ್ಮ ದಾಟುವುದಿಲ್ಲ, ಒಂದು ಹಾಳೆ ಕಾಗದವನ್ನೂ ದಾಟುವುದಿಲ್ಲ. ಉಸಿರಿನೊಂದಿಗೆ ಪುಡಿ ಒಳಗೆ ಹೋದರೆ ಅಲ್ಲಿ ತಡೆಯಲು ಚರ್ಮವಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಗಾಜಿನ ಭರಣಿಗೆ ಹಾಕಿ, ಗಾಳಿಯಾಡುವ ಕಡೆ ಇಟ್ಟೆ. ಆ ದಿನ ಕೈ ಎಷ್ಟು ಸಲ ತೊಳೆದೆನೋ ಲೆಕ್ಕವಿಲ್ಲ. ಇಂಥ ಕಲ್ಲುಗಳಿಂದ ರೇಡಾನ್ ಎಂಬ ಅನಿಲವೂ ಬರುತ್ತಿರುತ್ತದೆ, ಮುಚ್ಚಿದ ಬೀರುವಿನಲ್ಲಿ ಅದು ತುಂಬಿಕೊಳ್ಳುತ್ತದೆ. ನಿಮ್ಮ ಬಟ್ಟಲಿನ ಪಕ್ಕ ಒಂದು ತುಂಡು ಕುರುಂದ ಕಲ್ಲು ಇಡಿ. ಮೈಸೂರು ಜಿಲ್ಲೆ ಅದಕ್ಕೆ ಹೆಸರಾದದ್ದು. ಕೆಂಪು ಛಾಯೆಯ ತುಂಡು ಸಿಕ್ಕರೆ, ಅದರಲ್ಲಿ ಕಬ್ಬಿಣ ಕಡಿಮೆಯಿದ್ದರೆ, ಕ್ರೋಮಿಯಂ ದೆಸೆಯಿಂದ ಅದು ಟಾರ್ಚಿಗೆ ಕೆಂಡದಂತೆ ಕೆಂಪಾಗುತ್ತದೆ. ಹಸಿರಿನ ಪಕ್ಕ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಮೇಡಂ, ಯುರೇನಿಯಂ ಇಲ್ಲದೆ ಪ್ರತಿದೀಪ್ತಿಯನ್ನು ಶಾಲೆಯ ವಸ್ತುಪ್ರದರ್ಶನದಲ್ಲಿ ತೋರಿಸುವುದು ಹೇಗೆ? ನನ್ನ ಬಳಿ ಟಾರ್ಚ್ ಇದೆ, ದುಡ್ಡಿಲ್ಲ.
— ಹತ್ತನೇ ತರಗತಿ ವಿದ್ಯಾರ್ಥಿನಿ, ಕೆ.ಆರ್. ಪೇಟೆ

ಉತ್ತರ: ನಿನ್ನ ಅಡುಗೆಮನೆಯಲ್ಲೇ ಇದೆ ಮಗು. ಎರಡು ಗಾಜಿನ ಲೋಟ ತೆಗೆದುಕೊ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಔಷಧಿ ಅಂಗಡಿಯ ಸ್ಪಿರಿಟ್, ಎರಡು ಬೆರಳಿನಷ್ಟು ಎತ್ತರಕ್ಕೆ. ಎರಡಕ್ಕೂ ಕಾಲು ಚಮಚ ಅರಿಶಿನ ಹಾಕಿ ಕಲಕಿ, ಹತ್ತು ನಿಮಿಷ ಬಿಡು. ಪುಡಿ ತಳಕ್ಕೆ ಕೂತ ಮೇಲೆ ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಬಿಡು. ಸ್ಪಿರಿಟ್ ಇರುವ ಲೋಟ ಹಳದಿ ಹಸಿರಾಗಿ ಬೆಳಗುತ್ತದೆ, ಟಾರ್ಚಿನ ಬೆಳಕು ಹಾದುಹೋಗುವ ದಾರಿಯೇ ಕಾಣುತ್ತದೆ. ನೀರಿನ ಲೋಟ ಮಂಕು. ಅರಿಶಿನ ಎರಡರಲ್ಲೂ ಒಂದೇ, ಆದರೆ ಅದರಲ್ಲಿ ಹೊಳೆಯುವ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕರಗಿದಷ್ಟರ ಶಕ್ತಿಯನ್ನೂ ನೀರು ಶಾಖವಾಗಿ ಕಳೆದುಬಿಡುತ್ತದೆ. ಆಟುನೈಟ್ ಹೊಳೆದು ಟಾರ್ಬರ್ನೈಟ್ ಏಕೆ ಹೊಳೆಯುವುದಿಲ್ಲ ಎಂದು ಯಾರಾದರೂ ಕೇಳಿದರೆ ಈ ಎರಡು ಲೋಟಗಳನ್ನು ತೋರಿಸು. ಹೊಳೆಯುವುದೂ ಹೊಳೆಯದಿರುವುದೂ ಜೊತೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ.

ತಲೆಯ ಮೇಲಿನ ಟ್ಯೂಬ್‌ಲೈಟನ್ನೂ ತೋರಿಸು. ಹಳೆಯ ಉದ್ದನೆಯ ಟ್ಯೂಬಿನೊಳಗೆ ಪಾದರಸದ ಆವಿ 254 ನ್ಯಾನೋಮೀಟರಿನ ನೇರಳಾತೀತ ಬೆಳಕು ಕೊಡುತ್ತದೆ, ಗಾಜಿನ ಒಳಗೋಡೆಗೆ ಬಳಿದ ಬಿಳಿ ಪುಡಿ ಅದನ್ನು ಹೀರಿ ನಮಗೆ ಬೇಕಾದ ಬೆಳಕು ಮಾಡುತ್ತದೆ. ಅದು ಪ್ರತಿದೀಪ್ತಿಯೇ. ಉರಿಯುವ ಟ್ಯೂಬನ್ನು ತೋರಿಸಿದರೆ ಸಾಕು, ಕೆಟ್ಟದ್ದನ್ನು ಒಡೆದು ತೋರಿಸಲು ಹೋಗಬೇಡ, ಒಳಗೆ ಪಾದರಸವಿದೆ.

ಸ್ಪಿರಿಟ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಒಲೆಯಿಂದಲೂ ದೇವರ ದೀಪದಿಂದಲೂ ದೂರ ಇಟ್ಟುಕೊ. ಯೂನಿಫಾರಂ ಮೇಲೆ ಅರಿಶಿನ ಚೆಲ್ಲಿದರೆ ಅಮ್ಮನಿಗೆ ಗಾಬರಿ ಬೇಡವೆಂದು ಹೇಳು. ಸೋಪು ಹಾಕಿ ತೊಳೆದು, ಕಲೆ ಮೇಲೆ ಬರುವಂತೆ ಎರಡು ದಿನ ಬಿಸಿಲಿಗೆ ಹರವಿದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣವೇ ಕರ್ಕ್ಯುಮಿನ್ ಅನ್ನು ಒಡೆದು ಕಲೆ ತೆಗೆಯುತ್ತದೆ. ಎಷ್ಟು ಹೋಗಿದೆ ಎಂದು ರಾತ್ರಿ ಟಾರ್ಚ್ ಬಿಟ್ಟು ನೋಡು.